ಆಟಿಯ ಮಳೆ, ಬೆರಳ ಸಂದಿ

ಆಟಿ, ಅಂದರೆ ತುಳುವರ ಆಷಾಢ ಮಳೆಯ ತಿಂಗಳ ಒಂದು ದಿನ. ಬೆಳಗ್ಗೆ ಉಡುಪಿಯ ಅಜ್ಜರಕಾಡಿನಿಂದ ಸರ್ವಿಸ್ ಬಸ್ ಸ್ಟ್ಯಾಂಡಿಗೆ ಹೊರಟ ಕಾಲು ಹತ್ತೇ ನಿಮಿಷದಲ್ಲಿ ಒದ್ದೆ. ಆ ಸಾಕ್ಸು ಸಂಜೆಯವರೆಗೂ ಬೂಟಿನೊಳಗೇ ಬೇಯುತ್ತದೆ. ರಾತ್ರಿ ಬಿಚ್ಚಿ ನೋಡಿದರೆ ಕಿರುಬೆರಳಿನ ಸಂದಿ ನೆನೆಸಿಟ್ಟ ಅವಲಕ್ಕಿಯ ಹಾಗೆ ಬೆಳ್ಳಗೆ ಊದಿರುತ್ತದೆ. ಒರೆಸಿದರೆ ಸಿಪ್ಪೆ ಏಳುತ್ತದೆ, ಅಡಿಯಲ್ಲಿ ಕೆಂಪು ಗೀರು, ಉರಿ. ಊರಲ್ಲಿ ಇದಕ್ಕೆ ಕೆಸರುಹುಣ್ಣು ಎನ್ನುವುದು; ಈಗ ಗದ್ದೆಗೆ ಇಳಿಯದವರಿಗೇ ಜಾಸ್ತಿ ಕಾಣುತ್ತದೆ, ಬೂಟಿನ ದಯೆಯಿಂದ. ಆ ಸಂದಿಯಲ್ಲಿ ಬೆರಳುಗಳು ಒತ್ತಿಕೊಂಡಿರುತ್ತವೆ, ಗಾಳಿ ಆಡುವುದಿಲ್ಲ. ಟ್ರೈಕೋಫೈಟಾನ್ ಎಂಬ ಶಿಲೀಂಧ್ರಕ್ಕೆ ಬೇಕಾದದ್ದು ಅಂಥದೇ ಬೆಚ್ಚಗಿನ ಒದ್ದೆ ಜಾಗ, ತಿನ್ನಲು ಚರ್ಮದ ಕೆರಾಟಿನ್ ಎಂಬ ಪ್ರೋಟೀನು.

ಹಾಗಾಗಿ ಮದ್ದು ಶುರುವಾಗುವುದು ಟ್ಯೂಬಿನಿಂದಲ್ಲ, ಬೈರಾಸಿನಿಂದ. ಸಾಬೂನು ಹಾಕಿ ತೊಳೆದ ಮೇಲೆ ಒಂದೊಂದೇ ಸಂದಿ ಬಿಡಿಸಿ, ಉಜ್ಜದೆ, ಬಟ್ಟೆ ಒತ್ತಿ ನೀರು ಹೀರಿಸಬೇಕು. ಕಾಲಿಗೆ ಬೇರೆಯೇ ತುಂಡುಬಟ್ಟೆ ಇರಲಿ. ಕಾಲು ಒರೆಸಿದ್ದರಲ್ಲೇ ತೊಡೆಸಂದಿ ಒರೆಸಿದರೆ ಅಲ್ಲೂ ಗಜಕರ್ಣ ಏಳುತ್ತದೆ. ಒಳಚಡ್ಡಿ ಹಾಕುವ ಮೊದಲೇ ಸಾಕ್ಸು ಹಾಕಿಕೊಳ್ಳಿ ಎಂದರೆ ನಗು ಬರಬಹುದು, ಕಾರಣ ಇದೇ. ಒರೆಸಿ ಹತ್ತು ನಿಮಿಷ ಫ್ಯಾನಿನ ಕೆಳಗೆ ಕಾಲು ಚಾಚಿ ಕೂರಿ. ಆಮೇಲೆ ಶಿಲೀಂಧ್ರಕ್ಕೆ ಹಚ್ಚುವ ಶೇಕಡಾ 1ರ ಕ್ಲೋಟ್ರಿಮಜೋಲ್ ಕ್ರೀಮು, ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಒಂದು ಸಂದಿಗೆ ಹೆಸರುಕಾಳಿನಷ್ಟು ಸಾಕು; ತೆಳುವಾಗಿ ಹಚ್ಚಿ, ಕಾಣುವ ಗಾಯದಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ಸವರಬೇಕು. ದಪ್ಪ ಮೆತ್ತಿದರೆ ಕ್ರೀಮೇ ಸಂದಿಯನ್ನು ಒದ್ದೆ ಇಡುತ್ತದೆ. ಹಚ್ಚಿದ ಕೈ ತೊಳೆಯದೆ ಬೇರೆಲ್ಲೂ ತುರಿಸಿಕೊಳ್ಳಬೇಡಿ.

ಹೆಚ್ಚಿನವರು ಎಡವುವುದು ನಾಲ್ಕೈದು ದಿನ ಕಳೆದ ಮೇಲೆ. ತುರಿಕೆ ನಿಂತಿತು, ಟ್ಯೂಬು ಮೇಜಿನ ಡ್ರಾಯರು ಸೇರಿತು. ತುರಿಕೆ ನಿಂತರೂ ಶಿಲೀಂಧ್ರ ಚರ್ಮದಲ್ಲಿ ಉಳಿದಿರುತ್ತದೆ, ಮುಂದಿನ ಮಳೆಗೆ ಅದೇ ಸಂದಿ ಮತ್ತೆ ಬಿರಿಯುತ್ತದೆ. ಚರ್ಮ ಸರಿಯಾಗಿ ಕಂಡ ಮೇಲೂ ಒಂದೆರಡು ವಾರ ಹಚ್ಚಬೇಕು, ಒಟ್ಟು ಸುಮಾರು ನಾಲ್ಕು ವಾರ. ಶಿಲೀಂಧ್ರದ ಇನ್ನೊಂದು ಮದ್ದಾದ ಟರ್ಬಿನಾಫಿನ್ ಕ್ರೀಮಿಗೆ ಒಂದೇ ವಾರ ಸಾಕೆಂಬ ಲೆಕ್ಕ ಇತ್ತು. ಆದರೆ ಅದಕ್ಕೆ ಬಗ್ಗದ ಶಿಲೀಂಧ್ರ ನಮ್ಮ ದೇಶದಲ್ಲಿ ಈಗ ಸಾಕಷ್ಟು ಹರಡಿದೆ.

ಇನ್ನು ಮೆಡಿಕಲ್ಲಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳುವ ಅಭ್ಯಾಸ. ಕೈಗೆ ಸಿಗುವುದು ಅನೇಕ ಸಲ ಮೂರು ಮದ್ದಿನ ಮಿಶ್ರಣ. ಡಬ್ಬಿಯ ಬದಿಯ ಸಣ್ಣ ಅಕ್ಷರ ಓದಿ: ಕ್ಲೋಬೆಟಾಸೋಲ್, ಬೀಟಾಮೆಥಾಸೋನ್ ಎಂದಿದ್ದರೆ ಅಲ್ಲೇ ವಾಪಸು ಕೊಡಿ. ಅವು ಸ್ಟೀರಾಯ್ಡ್. ಎರಡೇ ದಿನದಲ್ಲಿ ಕೆಂಪು, ತುರಿಕೆ ಮಾಯ. ಒಳಗೆ ಶಿಲೀಂಧ್ರಕ್ಕೆ ಹಬ್ಬದೂಟ. ತಿಂಗಳು ಕಳೆದು ಡಾಕ್ಟರ ಬಳಿ ಹೋದಾಗ ಅವರಿಗೂ ಗುರುತು ಹತ್ತದಷ್ಟು ಅದರ ರೂಪ ಕೆಟ್ಟಿರುತ್ತದೆ.

ತೆಂಗಿನೆಣ್ಣೆ ಅರಿಶಿನ ಹಚ್ಚುವವರೂ ಇದ್ದಾರೆ. ಎಣ್ಣೆ ಸಂದಿಯ ಒದ್ದೆ ಆರಲು ಬಿಡುವುದಿಲ್ಲ, ಅರಿಶಿನದ ಬಣ್ಣದಲ್ಲಿ ಕೆಂಪು ಏರಿದ್ದು ತಿಳಿಯುವುದಿಲ್ಲ. ಮದರಂಗಿ ಚರ್ಮವನ್ನು ಒಣಗಿಸುತ್ತದೆ, ಬಣ್ಣದ ತಕರಾರು ಅದಕ್ಕೂ ಇದೆ. ಸೀಮೆಎಣ್ಣೆಯ ಮಾತೇ ಬೇಡ, ಚರ್ಮ ಸುಡುತ್ತದೆ.

ಮಳೆಗಾಲದಲ್ಲಿ ದೊಡ್ಡ ಕಷ್ಟ ಸಾಕ್ಸಿನದು; ಮೂರು ದಿನ ನೇತುಹಾಕಿದರೂ ತಣ್ಣಗೇ ಇರುತ್ತದೆ. ಬಿಸಿನೀರಲ್ಲಿ ಒಗೆದು, ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಆರಿಸಿ, ಕೊನೆಗೆ ಇಸ್ತ್ರಿ ಎಳೆಯಿರಿ. ಹತ್ತಿಯದೇ ನಾಲ್ಕು ಜೊತೆ ಇರಲಿ, ಒಂದು ಜೊತೆ ಆಫೀಸಿನ ಚೀಲದಲ್ಲಿ. ಬೂಟು ಎರಡು ಜೊತೆ ಇದ್ದರೆ ಒಂದಕ್ಕೆ ಒಂದು ದಿನ ರಜೆ. ಒಳಗೆ ಪೇಪರ್ ತುರುಕಿಟ್ಟರೆ ನೀರು ಹೀರುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಇಬ್ಬರಿಗೂ ಒಟ್ಟಿಗೇ ಮದ್ದಾಗಬೇಕು, ಇಲ್ಲದಿದ್ದರೆ ಬಚ್ಚಲಿನ ನೆಲದಿಂದ ತಿರುಗಿ ಬರುತ್ತದೆ.

ಶುಗರ್ ಇದ್ದವರು ಮನೆಮದ್ದಿಗೆ ನಿಲ್ಲದೆ ಮೊದಲೇ ಡಾಕ್ಟರಿಗೆ ತೋರಿಸಬೇಕು. ಕೀವು, ಕೆಟ್ಟ ವಾಸನೆ, ಪಾದದ ಮೇಲೆ ಹರಡುವ ಕೆಂಪು ಬಾವು, ಜ್ವರ ಕಂಡರೆ ಯಾರೇ ಆದರೂ ಅದೇ ದಿನ ಹೋಗಬೇಕು; ಬಿರಿದ ಸಂದಿಯಿಂದ ಬ್ಯಾಕ್ಟೀರಿಯಾ ಒಳಹೊಕ್ಕಿರುತ್ತದೆ. ಉಗುರು ಹಳದಿಯಾಗಿ ದಪ್ಪಗಾಗಿದ್ದರೆ ಈ ಕ್ರೀಮು ಅಲ್ಲಿಗೆ ಇಳಿಯುವುದಿಲ್ಲ, ಅದಕ್ಕೆ ತಿಂಗಳುಗಟ್ಟಲೆ ಮಾತ್ರೆ ಬೇಕಾದೀತು.