ನಮ್ಮೂರಿನ ಮೊದಲ ಮೊಬೈಲ್

ನಮ್ಮೂರಿಗೆ ಬಂದ ಮೊದಲ ಮೊಬೈಲ್‌ಗೆ ನಾಲ್ಕು ಚಕ್ರ ಇತ್ತು. ಟಾಟಾ ಮೊಬೈಲ್ 206. 1988ರಲ್ಲಿ ಟಾಟಾದವರು ಬಿಟ್ಟ ಪಿಕಪ್. ಮುಂದೆ ಕಾರಿನ ಮೂತಿ, ಹಿಂದೆ ಲೋಡ್ ತೊಟ್ಟಿ. ಫೋನ್ ಬಂದದ್ದು ಎಷ್ಟೋ ವರ್ಷದ ಮೇಲೆ.

ಶಿಡ್ಲಘಟ್ಟದ ಹತ್ತಿರದ ಹಳ್ಳಿ ನಮ್ಮದು. ರೇಷ್ಮೆ ಬೆಳೆ. ಗೂಡು ಕಟ್ಟಿದ ಮೇಲೆ ಸುಮ್ನೆ ಕೂರುವ ಹಾಗಿಲ್ಲ. ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಆಚೆ ಬರುತ್ತದೆ, ನೂಲು ಹಾಳು. ಒತ್ತಿ ತುಂಬಿದರೆ ಕಾವಿಗೆ ಗೂಡು ಕೆಡುತ್ತದೆ. ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಯಿಂದ, ಬಿಡಿಸಿದ್ದನ್ನು ಸಡಿಲವಾಗಿ ಚೀಲಕ್ಕೆ ತುಂಬಿ, ಪಕ್ಕದ ಬೀದಿಯವರ ಬಿಳಿ ಮೊಬೈಲ್‌ಗೆ ಹಾಕಿ, ಬೆಳಗಿನ ಜಾವ ಮಾರ್ಕೆಟ್‌ಗೆ ಹೋಗುತ್ತಿದ್ದೆವು. ಅಪ್ಪ ಮುಂದೆ. ನಾನು ಹಿಂದೆ, ಕ್ಯಾಬಿನ್ನಿನ ಕಂಬಿ ಹಿಡಿದು ನಿಂತು. ಅವತ್ತೇ ಅಂದುಕೊಂಡಿದ್ದೆ, ನನಗೂ ಇಂಥದ್ದೊಂದು ಬೇಕು ಅಂತ.

ಹೋದ ವರ್ಷ ಚಿಂತಾಮಣಿ ಕಡೆ ಒಂದು ತಿಥಿ ಊಟಕ್ಕೆ ಹೋಗಿದ್ದೆ. ಕೈ ತೊಳೆಯಲು ಹಿತ್ತಿಲಿಗೆ ಹೋದರೆ ಹುಲ್ಲಿನ ಮೆದೆ ಪಕ್ಕ ಅದೇ ಗಾಡಿ! ನಂಬರು ಕೆಎ 07. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೂ ಮುಂಚೆ ನಮ್ಮ ಕಡೆಯೆಲ್ಲ ಕೋಲಾರ ಜಿಲ್ಲೆ, ಕೆಎ 07 ಕೋಲಾರದ ನಂಬರು. ಡ್ರೈವರ್ ಸೀಟಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು. ಯಜಮಾನರು ರೇಟಿಗೆ ಜಾಸ್ತಿ ಜಗ್ಗಲಿಲ್ಲ. "ತಗೊಂಡೋಗಪ್ಪ, ಮರಿ ಆಗೋವರ್ಗೂ ತಡಿ, ಅಷ್ಟೆ" ಅಂದರು. ಹದಿನೈದು ದಿನ ಕಾದೆ.

ಗಾಡಿ ಮನೆಗೆ ಬಂತು. ಮ್ಯಾಟ್ ಎತ್ತಿದರೆ ನೆಲ ಕಾಣಿಸಿತು, ನಮ್ಮ ಅಂಗಳದ ನೆಲ. ಟಿಂಕರಿಂಗ್ ಮೇಸ್ತ್ರಿ ಸ್ಕ್ರೂಡ್ರೈವರ್‌ನಲ್ಲಿ ಒಂದು ಕಡೆ ಚುಚ್ಚಿ, "ಹಪ್ಪಳ ಸಾರ್ ಇದು" ಅಂದ. ತುಕ್ಕು ತಿಂದದ್ದನ್ನೆಲ್ಲ ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಲು ತಿಂಗಳು ಹಿಡಿಯಿತು. ಸ್ಪೇರ್ ಪಾರ್ಟ್ಸ್‌ಗೆ ಬೆಂಗಳೂರಿನ ಜೆಸಿ ರೋಡು ಸುತ್ತಿದೆ. ಈ ಗಾಡಿಯ ಬುಡದ ಮೇಲೇ 1991ರಲ್ಲಿ ಸಿಯೆರಾ ಕಾರು ಬಂದದ್ದು. ಅದಕ್ಕೇ ಎಂಜಿನ್ ಮೆಕ್ಯಾನಿಕ್ ಮೊದಲೇ ಹೇಳಿಕೊಟ್ಟಿದ್ದ: "ಸಿಯೆರಾದ್ದು ಐತಾ ಅಂತ ಕೇಳಿ ಸಾರ್. 206 ಅಂದ್ರೆ ನಗ್ತಾರೆ." ನಿಜವೇ, ಎರಡು ಅಂಗಡಿಯಲ್ಲಿ ನಕ್ಕರು.

ಪೇಂಟಿಂಗ್ ಕಥೆ ಬೇಡ ಬಿಡಿ. ಹೇಳಿದ ದಿನಕ್ಕೆ ಕೊಟ್ಟ ಪೇಂಟರ್ ಯಾರಾದರೂ ಇದ್ದಾನಾ? ಹೆಂಡತಿ ಬೇರೆ, "ಈ ದುಡ್ಡಿಗೆ ಟಾಟಾ ಏಸ್‌ಗೆ ಅಡ್ವಾನ್ಸ್ ಕಟ್ಟಬಹುದಿತ್ತು ಅಲ್ವಾ?" ಅಂತ ವಾರಕ್ಕೊಮ್ಮೆ ಕೇಳುತ್ತಿದ್ದಳು. ಲೆಕ್ಕ ಸರಿಯಾಗೇ ಇತ್ತು. ನಾನು ಉತ್ತರ ಕೊಡಲಿಲ್ಲ.

ಸ್ಟಾರ್ಟ್ ಮಾಡಿದ ದಿನ ಚೆನ್ನಾಗಿ ನೆನಪಿದೆ. ಡೀಸೆಲ್ ಲೈನಿನಲ್ಲಿ ಗಾಳಿ ಸೇರಿದ್ದರೆ ಎಂಜಿನ್ ಎಷ್ಟು ತಿರುಗಿಸಿದರೂ ಹತ್ತುವುದಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಮೆಕ್ಯಾನಿಕ್ ಕೈಪಂಪು ಒತ್ತುತ್ತಾ ಹೋದ. ಮೊದಲು ನೊರೆ. ಆಮೇಲೆ ಗುಳ್ಳೆ. ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಸ್ಕ್ರೂ ಬಿಗಿ ಮಾಡಿ, ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಅಲ್ಲೂ ಗಾಳಿ ತೆಗೆದ. ಹೀಟರ್ ಕಾಯಲು ಬಿಟ್ಟು ಕೀ ತಿರುಗಿಸಿದೆ. ಎರಡು ಸಲ ಕೆಮ್ಮಿತು. ಮೂರನೆಯ ಸಲ ಬೀದಿ ತುಂಬ ಬಿಳಿ ಹೊಗೆ. ಎದುರು ಮನೆ ಅಜ್ಜಿ ಬಾಗಿಲು ಹಾಕಿಕೊಂಡರು.

ಎಫ್‌ಸಿಯಲ್ಲಿ, ಅಂದರೆ ಗಾಡಿ ರಸ್ತೆಗೆ ಫಿಟ್ ಇದೆಯಾ ಅಂತ ನೋಡುವ ಪರೀಕ್ಷೆಯಲ್ಲಿ, ಮೊದಲ ಸಲ ಫೇಲು. ಹ್ಯಾಂಡ್‌ಬ್ರೇಕ್ ಹಿಡಿಯಲಿಲ್ಲ. ಎರಡನೆಯ ಸಲ ಪಾಸು.

ಪಾಸಾದ ವಾರವೇ ಇಬ್ಬರೂ ನಮ್ಮ ಗೂಡು ಹಾಕಿಕೊಂಡು ಶಿಡ್ಲಘಟ್ಟದ ಮಾರ್ಕೆಟ್‌ಗೆ ಹೋದೆವು. ಯಾರಾದರೂ ಗಾಡಿ ನೋಡಿ, "ಯಾವ ಮಾಡೆಲ್, ಎಲ್ಲಿ ಸಿಕ್ತು" ಅಂತ ಕೇಳುತ್ತಾರೆ ಅಂತ ನನಗೆ ಆಸೆ. ಇಳಿಸಿ ಮುಗಿಸಿ, ಹೆಗಲ ಮೇಲಿನ ಟವೆಲ್‌ನಲ್ಲಿ ಬಾನೆಟ್ ಒರೆಸುತ್ತಾ ನಿಂತಿದ್ದೆ. ಒಬ್ಬರು ಬಂದರು. ಗಾಡಿ ಸುತ್ತ ಒಂದು ಸುತ್ತು ಹಾಕಿದರು. ತೊಟ್ಟಿಯೊಳಗೆ ಬಗ್ಗಿ ನೋಡಿದರು.

"ಅಣ್ಣಾ, ಚಿಂತಾಮಣಿಗೆ ಬಾಡಿಗೆ ಎಷ್ಟು?"

ನಾನು ಬಾಯಿ ತೆಗೆಯುವ ಮೊದಲೇ ಕ್ಯಾಬಿನ್ನಿನಿಂದ ನಮ್ಮವಳ ದನಿ ಬಂತು.

"ಸಾವಿರದ ಇನ್ನೂರು. ಲೋಡಿಂಗು ನಿಮ್ದೇ."