ಖೋ-ಖೋ ಅಂಕಣದ ನಮ್ಮ ಮೇಷ್ಟ್ರು

ಕೋಲಾರದ ನಮ್ಮ ಪ್ರೌಢಶಾಲೆಯಲ್ಲಿ ನಾನು ಓದುತ್ತಿದ್ದಾಗ ಖೋ-ಖೋ ತಂಡವನ್ನು ಇಬ್ಬರು ದೈಹಿಕ ಶಿಕ್ಷಕರು ಒಬ್ಬರ ನಂತರ ಒಬ್ಬರು ಪಳಗಿಸಿದರು. ಆಟದ ನಿಯಮಗಳು ಇಬ್ಬರಿಗೂ ಕರತಲಾಮಲಕವಾಗಿದ್ದವು. ಆದರೂ ಅದೇ ಮಕ್ಕಳು ಎರಡನೆಯವರ ಕೈಯಲ್ಲಿ ಬೇರೆಯೇ ತಂಡವಾದೆವು.

ಈ ಆಟದಲ್ಲಿ ಅಟ್ಟುವ ತಂಡದ ಎಂಟು ಮಂದಿ ಸಾಲಾಗಿ, ಒಬ್ಬರು ಒಂದು ದಿಕ್ಕಿಗೆ, ಪಕ್ಕದವರು ಅದರ ಎದುರು ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ. ಬೆನ್ನ ಹಿಂದಿನಿಂದ 'ಖೋ' ಬೀಳುವ ಮೊದಲೇ ಎದ್ದರೆ ಅದು ಫೌಲ್. ಮೊದಲಿನ ಮೇಷ್ಟ್ರು ಗೆರೆಯಾಚೆ ನಿಂತು ಒಂದೇ ಸಮನೆ ಗದರುತ್ತಿದ್ದುದರಿಂದ ನಮ್ಮ ಕಣ್ಣು ಓಡುವವರ ಮೇಲಿರದೆ ಅವರ ಮುಖದ ಮೇಲಿರುತ್ತಿತ್ತು. ಬೈಗುಳ ತಪ್ಪಿಸಿಕೊಳ್ಳುವ ಆತುರದಲ್ಲಿ ಮುಂಚೆಯೇ ಎದ್ದು ಫೌಲ್ ಮಾಡುತ್ತಿದ್ದೆವು. ಅದೇ ಅವರಿಗೆ ನಮಗೆ ಆಟ ಒಲಿಯದೆಂಬುದಕ್ಕೆ ಪುರಾವೆಯಾಗುತ್ತಿತ್ತು.

ಎರಡನೆಯವರು ಅಂಗಿಯ ಜೇಬಿನಲ್ಲಿ ಒಂದು ಸಣ್ಣ ನೋಟುಪುಸ್ತಕ ಇಟ್ಟುಕೊಂಡಿರುತ್ತಿದ್ದರು. ಅದರಲ್ಲಿ 'ಸೋಮಾರಿ' ಎಂಬಂಥ ಮಾತು ಇರುತ್ತಿರಲಿಲ್ಲ. ಯಾರು ಕಂಬದ ಬಳಿ ಎಡಕ್ಕೆ ತಿರುಗುವಾಗ ತಡಮಾಡುತ್ತಾರೆ, ಯಾರ 'ಖೋ' ಕೂತವರಿಗೆ ಕೇಳಿಸುವುದಿಲ್ಲ ಎಂಬಂಥ ಕಂಡ ಸಂಗತಿಗಳು ಮಾತ್ರ ಇರುತ್ತಿದ್ದವು. ಪ್ರತಿದಿನ ತಡವಾಗಿ ಬರುತ್ತಿದ್ದ ಹುಡುಗನೊಬ್ಬನನ್ನು ಗದರುವ ಮೊದಲು ಕಾರಣ ಕೇಳಿದರು. ಅವನು ಹಸು ಕರೆದು, ಡೈರಿಗೆ ಹಾಲು ಹಾಕಿ, ಹಳ್ಳಿಯಿಂದ ಸೈಕಲ್ ತುಳಿದು ಬರಬೇಕಿತ್ತು. ಮರುವಾರದಿಂದ ಇಡೀ ತಂಡದ ಅಭ್ಯಾಸ ಸಂಜೆಗೆ ಬದಲಾಯಿತು. ಶಿಸ್ತು ಸಡಿಲವಾಯಿತೆಂದು ಕೆಲವರು ಗೊಣಗಿದರು. ಹಾಗೇನೂ ಆಗಲಿಲ್ಲ, ಆ ಹುಡುಗನೇ ಎಲ್ಲರಿಗಿಂತ ಮೊದಲು ಬಂದು ಅಂಕಣಕ್ಕೆ ಸುಣ್ಣದ ಗೆರೆ ಎಳೆಯತೊಡಗಿದ.

ಅಮೆರಿಕದ ಮನೋವಿಜ್ಞಾನಿ ರೋಸೆಂಥಾಲ್ ಮತ್ತು ಶಾಲಾ ಮುಖ್ಯಸ್ಥೆ ಜೇಕಬ್ಸನ್ ಅವರು 1968ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಬಹಳ ವರ್ಷಗಳ ನಂತರ ಓದಿದೆ. ಯಾವ ಲೆಕ್ಕವೂ ಇಲ್ಲದೆ ಆರಿಸಿದ ಕೆಲವು ಮಕ್ಕಳನ್ನು ಮುಂದೆ ಬರುವವರೆಂದು ಶಿಕ್ಷಕರಿಗೆ ಹೇಳಲಾಗಿತ್ತು; ವರ್ಷದ ಕೊನೆಗೆ, ವಿಶೇಷವಾಗಿ ಕೆಳಗಿನ ತರಗತಿಗಳಲ್ಲಿ, ಆ ಮಕ್ಕಳ ಬುದ್ಧಿಪರೀಕ್ಷೆಯ ಅಂಕಗಳು ಉಳಿದವರಿಗಿಂತ ಹೆಚ್ಚು ಏರಿದ್ದವು. ಆ ಪರಿಣಾಮ ಎಷ್ಟು ದೊಡ್ಡದೆಂಬ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ. ಬರೀ ನಂಬಿಕೆಯಿಂದ ಕಾಲು ಚುರುಕಾಗುವುದಿಲ್ಲವೆಂದು ನನಗೂ ಅನಿಸುತ್ತದೆ. ನಮ್ಮ ಮೇಷ್ಟ್ರು ನಂಬಿದ್ದಕ್ಕೇ ನಮ್ಮನ್ನು ಹೆಚ್ಚು ಹೊತ್ತು ಗಮನಿಸಿದರು, ಗಮನಿಸಿದ್ದಕ್ಕೇ ತಿದ್ದಬಲ್ಲವರಾದರು.

ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಸೋತ ದಿನ, ಕಂಬದ ತಿರುವನ್ನು ತಾವೇ ತಡವಾಗಿ ಹೇಳಿಕೊಟ್ಟೆವೆಂದು ಅವರು ನಮ್ಮೆದುರೇ ಒಪ್ಪಿಕೊಂಡು, ಮರುದಿನದ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಿದರು. ಅಂದಿನಿಂದ ಎಲ್ಲಿ ಎಡವುತ್ತಿದ್ದೇವೆಂದು ಅವರಿಗೆ ಹೇಳಲು ನಮ್ಮಲ್ಲಿ ಯಾರೂ ಹಿಂಜರಿಯಲಿಲ್ಲ.