ಒಂದು ಅಕ್ಷರಕ್ಕೆ ಎಷ್ಟು ಮನೆ?

ಗೆರೆ ಒಂದು ಮನೆಯಷ್ಟು ಎಡಕ್ಕೆ ಜರುಗಿತ್ತು. ನಡೆದದ್ದು ಅಷ್ಟೇ. ನಾನು ದಿನವಿಡೀ ತೆರೆದಿಟ್ಟುಕೊಳ್ಳುವ ಟರ್ಮಿನಲ್ (ಬರಿಯ ಅಕ್ಷರಗಳಲ್ಲೇ ಕೆಲಸ ನಡೆಯುವ ಕಿಟಕಿ) ಫೈಲ್ ಮ್ಯಾನೇಜರ್‌ನಲ್ಲಿ ಎಡಗಡೆ ಫೋಲ್ಡರ್‌ಗಳ ಪಟ್ಟಿ, ಬಲಗಡೆ ಅವುಗಳ ಒಳಗಿನ ಕಡತಗಳು, ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ. ಇಂಗ್ಲಿಷ್ ಹೆಸರುಗಳಿದ್ದ ಸಾಲುಗಳಲ್ಲೆಲ್ಲ ಅದು ನೂಲು ಹಿಡಿದು ಎಳೆದಂತೆ ನೆಟ್ಟಗಿತ್ತು. ‘ಲೆಕ್ಕ’ ಎಂಬ ಫೋಲ್ಡರ್ ಇದ್ದ ಸಾಲಿನಲ್ಲೂ ನೆಟ್ಟಗಿತ್ತು. ‘ಕಾಗದ’ ಇದ್ದ ಸಾಲಿನಲ್ಲಿ ಮಾತ್ರ ಒಳಕ್ಕೆ ಸರಿದಿತ್ತು.

ಎರಡೂ ಕನ್ನಡ ಪದಗಳೇ. ಒಂದು ಸರಿ, ಇನ್ನೊಂದು ಸೊಟ್ಟ ಏಕೆ? ಆ ಪ್ರಶ್ನೆ ನನ್ನನ್ನು ಮುಕ್ತ ತಂತ್ರಾಂಶದ ಟರ್ಮಿನಲ್ ಸಾಧನಗಳ ಕೆಲಸಕ್ಕೆ ಎಳೆದುಕೊಂಡು ಹೋಯಿತು. ನಾಲ್ಕು ವರ್ಷ ಕಳೆದರೂ ನಾನಿನ್ನೂ ಅಲ್ಲಿಯೇ ಇದ್ದೇನೆ.

ಟರ್ಮಿನಲ್ ಎಂದರೆ ಚದುರಂಗದ ಹಾಸಿನಂತೆ ಅಡ್ಡಡ್ಡ, ಉದ್ದುದ್ದ ಜೋಡಿಸಿದ ಮನೆಗಳು. 1978ರಲ್ಲಿ ಡಿಇಸಿ ಕಂಪನಿ ಹೊರತಂದ ವಿಟಿ100 ಯಂತ್ರದ ಪರದೆಯಲ್ಲಿ ಸಾಮಾನ್ಯವಾಗಿ 24 ಸಾಲು, ಸಾಲಿಗೆ 80 ಮನೆ. ಒಂದು ಮನೆಗೆ ಒಂದು ಅಕ್ಷರ. ಆ ಯಂತ್ರವನ್ನು ಈಗ ಯಾರೂ ಮೇಜಿನ ಮೇಲೆ ಇಟ್ಟುಕೊಂಡಿಲ್ಲ. ಆದರೆ ಇಂದಿನ ಟರ್ಮಿನಲ್ ಕಿಟಕಿಗಳೆಲ್ಲ ಅದರ ನಡವಳಿಕೆಯನ್ನೇ ಅನುಸರಿಸುತ್ತವೆ. ಬಣ್ಣ ಬದಲಿಸಬೇಕೇ, ಕರ್ಸರ್ ಸರಿಸಬೇಕೇ, 27 ಎಂಬ ಸಂಖ್ಯೆಯ ಎಸ್ಕೇಪ್ ಬೈಟ್ ಕಳುಹಿಸಿ, ಅದರ ಹಿಂದೆ ಒಂದು ಚೌಕಾವರಣ ಮತ್ತು ಕೆಲವು ಅಂಕೆಗಳನ್ನು ಕಳುಹಿಸಬೇಕು. ಈ ಸಂಕೇತಗಳನ್ನು ಪ್ರತಿ ಪ್ರೋಗ್ರಾಂ ತಾನೇ ಬರೆದುಕೊಳ್ಳಬಾರದೆಂದು ಕರ್ಸಸ್ ಎಂಬ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಬಂತು. ಅದರ ಮುಕ್ತ ರೂಪವಾದ ಎನ್‌ಕರ್ಸಸ್ 1993ರಿಂದ ಇಂದಿನವರೆಗೂ ಬಾಳಿದೆ. ಈಚೆಗೆ ಪೈಥಾನ್‌ನಲ್ಲಿ ಟೆಕ್ಸ್‌ಚುಯಲ್, ಗೋ ಭಾಷೆಯಲ್ಲಿ ಬಬಲ್ ಟೀ, ರಸ್ಟ್‌ನಲ್ಲಿ ರಾಟಟುಯಿ ಬಂದಿವೆ. ರಾಟಟುಯಿಯ ಕಥೆ ನನಗೆ ಇಷ್ಟ: ಟಿಯುಐ-ಆರ್‌ಎಸ್ ಎಂಬ ಹಳೆಯ ಲೈಬ್ರರಿಯ ಕೆಲಸ ನಿಧಾನವಾದಾಗ, ಅದನ್ನು ಬಳಸುತ್ತಿದ್ದವರೇ ಸೇರಿ 2023ರಲ್ಲಿ ಕವಲು ತೆಗೆದು ಮುಂದುವರಿಸಿದರು. ಬಳಸುವವರೇ ಎತ್ತಿಕೊಂಡು ಸಾಕಿದ ಕೋಡ್ ಅದು.

ನನ್ನ ಮೊದಲ ತಿದ್ದುಪಡಿಗೂ ಗೆರೆಗೂ ಸಂಬಂಧವಿರಲಿಲ್ಲ. ಗೆರೆಯ ಕಾರಣ ಹುಡುಕುತ್ತ ಬೇರೆ ಬೇರೆ ಸಾಧನಗಳನ್ನು ಪರೀಕ್ಷಿಸುತ್ತಿದ್ದಾಗ, ಡಿಸ್ಕ್‌ನಲ್ಲಿ ಯಾವ ಕಡತ ಎಷ್ಟು ಜಾಗ ತಿಂದಿದೆ ಎಂದು ತೋರಿಸುವ ಒಂದು ಸಣ್ಣ ರಸ್ಟ್ ಪ್ರೋಗ್ರಾಂನ ಕಿಟಕಿಯನ್ನು ಆದಷ್ಟು ಕಿರಿದು ಮಾಡಿದೆ. ಅದು ಥಟ್ಟನೆ ಸತ್ತಿತು. ಸತ್ತದ್ದಷ್ಟೇ ಅಲ್ಲ, ಟರ್ಮಿನಲ್ಲನ್ನು ಹಾಗೆಯೇ ಬಿಟ್ಟುಹೋಯಿತು. ಕರ್ಸರ್ ಇಲ್ಲ. ಕೀಲಿ ಒತ್ತಿದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಕಣ್ಣು ಕಟ್ಟಿದವರಂತೆ ‘ರಿಸೆಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದ ಮೇಲೆ ಎಲ್ಲ ಸರಿಹೋಯಿತು.

ಇಲ್ಲಿ ತಪ್ಪು ಎರಡು. ಮೊದಲನೆಯದು ಲೆಕ್ಕದ್ದು. ಎರಡೂ ಬದಿಯ ಅಂಚಿಗೆಂದು ಅಗಲದಿಂದ 2 ಕಳೆಯುತ್ತಿದ್ದರು. ಅಗಲ 1 ಆದಾಗ, ಸೊನ್ನೆಗಿಂತ ಕೆಳಗಿಳಿಯಲಾರದ ಆ ಬಗೆಯ ಸಂಖ್ಯೆಗೆ ದಾರಿಯೇ ಇರಲಿಲ್ಲ. ಕಳೆಯುವ ಚಿಹ್ನೆಯ ಬದಲು, ಸೊನ್ನೆಗೆ ಬಂದು ನಿಲ್ಲುವ ‘ಸ್ಯಾಚುರೇಟಿಂಗ್ ಸಬ್’ ಬಳಸಿದರೆ ಆಯಿತು. ಒಂದೇ ಸಾಲಿನ ಬದಲಾವಣೆ.

ಎರಡನೆಯದು ಹೆಚ್ಚು ಮುಖ್ಯ. ಇಂಥ ಪ್ರೋಗ್ರಾಂಗಳು ಶುರುವಾದ ಕೂಡಲೇ ಟರ್ಮಿನಲ್ಲನ್ನು ಕಚ್ಚಾ ಸ್ಥಿತಿಗೆ ತರುತ್ತವೆ. ಒತ್ತಿದ ಕೀಲಿಗಳು ತಾವಾಗಿಯೇ ಪರದೆಯಲ್ಲಿ ಮೂಡದಂತೆ ತಡೆಯುತ್ತವೆ, ಕರ್ಸರ್ ಅಡಗಿಸುತ್ತವೆ, 1049 ಎಂಬ ಸಂಕೇತ ಕಳುಹಿಸಿ ಬದಲಿ ಪರದೆಗೆ ಹೋಗುತ್ತವೆ. ಹೊರಡುವಾಗ ಇದೆಲ್ಲವನ್ನೂ ಮೊದಲಿನಂತೆ ಮಾಡಿಯೇ ಹೋಗಬೇಕು. ಸಾಮಾನ್ಯವಾಗಿ ಹೊರಡುವಾಗ ಎಲ್ಲರೂ ಮಾಡುತ್ತಾರೆ. ಮುಗ್ಗರಿಸಿ ಬೀಳುವಾಗ ಮಾಡುವುದನ್ನು ಬಹಳ ಮಂದಿ ಮರೆಯುತ್ತಾರೆ. ಪ್ರೋಗ್ರಾಂ ಪ್ಯಾನಿಕ್ ಆದರೆ, ಅಂದರೆ ತಪ್ಪಿನಿಂದ ಥಟ್ಟನೆ ನಿಂತರೆ, ಮೊದಲು ಟರ್ಮಿನಲ್ಲನ್ನು ಸರಿಪಡಿಸಿ, ಆಮೇಲೆ ತಪ್ಪಿನ ಸಂದೇಶ ತೋರಿಸುವ ಹನ್ನೊಂದು ಸಾಲು ಬರೆದು ಕಳುಹಿಸಿದೆ. ಆ ಕ್ರಮ ತಪ್ಪಿದರೆ ಸಂದೇಶ ಬದಲಿ ಪರದೆಯೊಂದಿಗೇ ಮಾಯವಾಗುತ್ತದೆ. ಬಳಸುವವರಿಗೆ ಏನಾಯಿತೆಂಬುದೇ ತಿಳಿಯುವುದಿಲ್ಲ. ಎರವಲು ಪಡೆದದ್ದನ್ನು ಪಡೆದಂತೆಯೇ ಹಿಂತಿರುಗಿಸುವ ಈ ಶಿಸ್ತನ್ನು ನಾನು ಬೇರೆ ಯಾವ ಬಗೆಯ ಕೋಡ್‌ನಲ್ಲೂ ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಇಂದಿಗೂ ಹೊಸ ಸಾಧನವೊಂದನ್ನು ನೋಡಿದಾಗ ನಾನು ಮೊದಲು ಮಾಡುವುದು ಅದನ್ನು ಬೇಕೆಂದೇ ಬೀಳಿಸಿ, ಅದು ಹೇಗೆ ಬೀಳುತ್ತದೆ ಎಂದು ನೋಡುವುದು.

ಇನ್ನು ಗೆರೆಯ ವಿಷಯ.

‘ಕನ್ನಡ’ ಎಂದು ಬರೆದರೆ ಕಣ್ಣಿಗೆ ಮೂರು ಅಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಅದು ಐದು: ಕ, ನ, ವಿರಾಮ ಚಿಹ್ನೆ (ವ್ಯಂಜನದ ಸ್ವರವನ್ನು ತೆಗೆಯುವ ‘್’), ಮತ್ತೆ ನ, ಡ. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಇಟ್ಟರೆ ಹದಿನೈದು ಬೈಟ್. ‘ಸ್ತ್ರೀ’ ಒಂದೇ ಅಕ್ಷರ; ಆರು ಸಂಕೇತ, ಹದಿನೆಂಟು ಬೈಟ್. ಇವುಗಳಲ್ಲಿ ಯಾವ ಸಂಖ್ಯೆಯೂ ‘ಪರದೆಯಲ್ಲಿ ಎಷ್ಟು ಮನೆ ಬೇಕು?’ ಎಂಬುದಕ್ಕೆ ಉತ್ತರವಲ್ಲ. ಆ ಉತ್ತರಕ್ಕೆ ಪ್ರೋಗ್ರಾಂಗಳು ಬೇರೊಂದು ಪಟ್ಟಿಯನ್ನು ನೋಡುತ್ತವೆ. ಯೂನಿಕೋಡ್ ನಮ್ಮ ಕಾಗುಣಿತದ ಚಿಹ್ನೆಗಳನ್ನು ಎರಡು ಗುಂಪು ಮಾಡಿದೆ: ಜಾಗ ತೆಗೆದುಕೊಳ್ಳದೆ ವ್ಯಂಜನದ ಮೇಲೆಯೇ ಕೂರುವವು, ಪಕ್ಕದಲ್ಲಿ ಜಾಗ ಬೇಡುವವು. ಗುಡಿಸು, ಏತ್ವ, ವಿರಾಮ ಚಿಹ್ನೆ ಮೊದಲ ಗುಂಪಿನಲ್ಲಿವೆ. ಇಳಿ, ಕೊಂಬು ಎರಡನೆಯದರಲ್ಲಿ. ಮೊದಲ ಗುಂಪಿಗೆ ಸೊನ್ನೆ ಮನೆ ಎಂಬುದರಲ್ಲಿ ಹೆಚ್ಚು ಜಗಳವಿಲ್ಲ. ಎರಡನೆಯ ಗುಂಪಿಗೆ ಕೆಲವು ಲೈಬ್ರರಿಗಳು ಒಂದು ಮನೆ ಕೊಡುತ್ತವೆ, ಕೆಲವು ಕೊಡುವುದಿಲ್ಲ.

‘ಲೆಕ್ಕ’ದಲ್ಲಿ ಇರುವುದು ಏತ್ವ ಮತ್ತು ವಿರಾಮ. ಹಾಗಾಗಿ ಯಾರು ಎಣಿಸಿದರೂ ಲ, ಕ, ಕ ವ್ಯಂಜನಗಳಿಗೆ ಮೂರು ಮನೆ. ‘ಕಾಗದ’ದಲ್ಲಿ ಇಳಿ ಇದೆ. ನನ್ನ ಫೈಲ್ ಮ್ಯಾನೇಜರ್ ನಾಲ್ಕು ಎಂದಿತು, ಟರ್ಮಿನಲ್ ಮೂರು ಎಂದಿತು. ಪ್ರೋಗ್ರಾಂ ನಾಲ್ಕೆಂದು ನಂಬಿ ಒಂದು ಖಾಲಿ ಜಾಗ ಕಡಿಮೆ ತುಂಬಿಸಿತು, ಗೆರೆ ಒಳಕ್ಕೆ ಬಂತು. ಅಂದೇ ‘ಗುರುತು’ ಎಂದೊಂದು ಫೋಲ್ಡರ್ ಮಾಡಿ ನೋಡಿದೆ. ಮೂರು ಕೊಂಬು. ಗೆರೆ ಸರಿಯಾಗಿ ಮೂರು ಮನೆ ಒಳಕ್ಕೆ ಬಂದಾಗ ಆದ ಸಂತೋಷ ನನಗೆ ಈಗಲೂ ನೆನಪಿದೆ. ಊಹೆ ನಿಜವಾಗಿತ್ತು.

ಹಾಗಾದರೆ ಯಾವ ಎಣಿಕೆ ಸರಿ? ಇದನ್ನು ಕುರಿತು ಬಹಳ ದಿನ ವಾದಿಸಿದ್ದೇನೆ. ಕೊಂಬು ನಿಜವಾಗಿಯೂ ಬಲಕ್ಕೆ ಚಾಚಿಕೊಳ್ಳುತ್ತದೆ. ‘ತು’ವನ್ನು ಇಂಗ್ಲಿಷ್ ಅಕ್ಷರದ ಒಂದು ಮನೆಯೊಳಗೆ ತುರುಕಿದರೆ ಅದು ಉಸಿರು ಕಟ್ಟಿದಂತೆ ಕಾಣುತ್ತದೆ, ಇಲ್ಲವೇ ಪಕ್ಕದ ಅಕ್ಷರದ ಮೇಲೆ ಹತ್ತುತ್ತದೆ. ಕಣ್ಣಿನ ಹಿತಕ್ಕಾದರೆ ಎರಡು ಮನೆ ಬೇಕು. ಆದರೆ ಗೆರೆಯ ದೃಷ್ಟಿಯಿಂದ ಸಂಖ್ಯೆ ಯಾವುದಾದರೂ ಚಿಂತೆಯಿಲ್ಲ, ಪ್ರೋಗ್ರಾಂ ಮತ್ತು ಟರ್ಮಿನಲ್ ಇಬ್ಬರೂ ಅದನ್ನೇ ಹೇಳಬೇಕು. ಅವರಿಬ್ಬರ ನಡುವೆ ಮಾತುಕತೆಯೇ ಇಲ್ಲದಿರುವುದು ನಿಜವಾದ ಕಾಯಿಲೆ.

ಮಾತುಕತೆಗೆ ಒಂದು ಹಳೆಯ ದಾರಿ ಇದೆ. ಎಸ್ಕೇಪ್, ಚೌಕಾವರಣ, 6, ಎನ್ ಎಂದು ಕಳುಹಿಸಿದರೆ, ‘ಕರ್ಸರ್ ಎಲ್ಲಿದೆ?’ ಎಂದು ಟರ್ಮಿನಲ್ಲನ್ನು ಕೇಳಿದಂತೆ. ಅದು ಸಾಲಿನ ಸಂಖ್ಯೆ, ಕಾಲಂ ಸಂಖ್ಯೆ ಎರಡನ್ನೂ ಹೇಳುತ್ತದೆ. ಆ ಉತ್ತರ ನಾವೇ ಕೀಲಿಮಣೆಯಲ್ಲಿ ಒತ್ತಿದಂತೆ ಒಳಗೆ ಬರುತ್ತದೆ. ಕಚ್ಚಾ ಸ್ಥಿತಿಯಲ್ಲಿ ಇರದಿದ್ದರೆ ಪರದೆಯ ಮೇಲೆ ಚೆಲ್ಲಿಕೊಳ್ಳುತ್ತದೆ. ಇದನ್ನೇ ಹಿಡಿದು ನಾನೊಂದು ಪುಟ್ಟ ಪ್ರೋಗ್ರಾಂ ಬರೆದೆ. ಸಾಲಿನ ಮೊದಲಿಗೆ ಹೋಗು, ಒಂದು ಪದ ಬರೆ, ಕರ್ಸರ್ ಎಲ್ಲಿದೆ ಕೇಳು, ಉತ್ತರ ಬರೆದಿಟ್ಟುಕೊ, ಅಳಿಸು, ಮುಂದಿನ ಪದ. ಕಾಗುಣಿತದ ಎಲ್ಲ ಚಿಹ್ನೆಗಳೂ ಒತ್ತಕ್ಷರಗಳೂ ಬರುವಂತೆ ಪದಗಳನ್ನು ಆರಿಸಿದೆ. ನನ್ನಲ್ಲಿದ್ದ ಬೇರೆ ಬೇರೆ ಟರ್ಮಿನಲ್‌ಗಳಲ್ಲಿ ಓಡಿಸಿದೆ. ಒಂದೇ ಪದಕ್ಕೆ ಒಂದೊಂದು ಟರ್ಮಿನಲ್‌ನಿಂದ ಒಂದೊಂದು ಉತ್ತರ ಬಂದದ್ದನ್ನು ಕೋಷ್ಟಕ ಮಾಡಿ ಫೈಲ್ ಮ್ಯಾನೇಜರ್‌ನ ಮೇಂಟೇನರ್‌ಗೆ, ಅಂದರೆ ಅದರ ಕೋಡ್ ನೋಡಿಕೊಳ್ಳುವವರಿಗೆ, ಕಳುಹಿಸಿದೆ. ಅದಕ್ಕೂ ಮೊದಲು ‘ಕನ್ನಡ ಸರಿಯಾಗಿ ಕಾಣುವುದಿಲ್ಲ’ ಎಂದಷ್ಟೇ ಬರೆದು ನಾನು ಹಾಕಿದ್ದ ದೂರು ಐದು ತಿಂಗಳು ಉತ್ತರವಿಲ್ಲದೆ ಬಿದ್ದಿತ್ತು. ಕೋಷ್ಟಕಕ್ಕೆ ಮರುದಿನವೇ ಉತ್ತರ ಬಂತು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಮೂರು ಮತ್ತು ನಾಲ್ಕರ ವ್ಯತ್ಯಾಸವನ್ನು ಯಾರು ಬೇಕಾದರೂ ಓದಬಹುದು.

ಆ ಕೋಷ್ಟಕದಿಂದ ಹುಟ್ಟಿದ ಬದಲಾವಣೆ ಸರಳ. ಪ್ರೋಗ್ರಾಂ ಶುರುವಾಗುವಾಗ ಒಂದೇ ಒಂದು ಪದ ಬರೆದು ಟರ್ಮಿನಲ್ ಹೇಗೆ ಎಣಿಸುತ್ತದೆ ಎಂದು ಕೇಳಿಕೊಳ್ಳುತ್ತದೆ, ಅಂದಿನ ಮಟ್ಟಿಗೆ ತಾನೂ ಹಾಗೆಯೇ ಎಣಿಸುತ್ತದೆ. ಅಕ್ಷರಗುಚ್ಛಗಳನ್ನೇ (ವ್ಯಂಜನ ಮತ್ತು ಅದರ ಚಿಹ್ನೆಗಳು ಸೇರಿದ ಒಂದೊಂದು ಗುಂಪನ್ನೇ) ಲೆಕ್ಕಕ್ಕೆ ಹಿಡಿಯುವಂತೆ ಟರ್ಮಿನಲ್ಲನ್ನು ಕೇಳಿಕೊಳ್ಳುವ 2027 ಎಂಬ ಮೋಡ್ ಕೂಡ ಈಗ ಇದೆ. ಕಾಂಟೂರ್, ಘೋಸ್ಟಿ ಟರ್ಮಿನಲ್‌ಗಳು ಅದನ್ನು ಬಲ್ಲವು. ಎಲ್ಲವೂ ಬಲ್ಲಂತಾಗುವವರೆಗೆ ಕೇಳಿಯೇ ತಿಳಿಯಬೇಕು.

ಒಪ್ಪಿಗೆಯಾಗದ ಒಂದು ತಿದ್ದುಪಡಿಯ ಬಗ್ಗೆಯೂ ಹೇಳಬೇಕು. ಹೆಸರು ಉದ್ದವಾದಾಗ ಸಾಧನಗಳು ಅದನ್ನು ತುಂಡರಿಸಿ ಕೊನೆಗೆ ಮೂರು ಚುಕ್ಕಿ ಹಾಕುತ್ತವೆ. ಎಲ್ಲಿ ತುಂಡರಿಸಬಹುದು ಎಂಬುದಕ್ಕೆ ಯೂನಿಕೋಡ್‌ನ ಅಕ್ಷರಗುಚ್ಛದ ನಿಯಮಗಳಿವೆ. ಅವುಗಳ ಪ್ರಕಾರ ವ್ಯಂಜನದಿಂದ ಅದರ ಗುಡಿಸನ್ನೋ ಕೊಂಬನ್ನೋ ಕಿತ್ತುಹಾಕುವಂತಿಲ್ಲ. ಆದರೆ ವಿರಾಮದ ನಂತರ ತುಂಡರಿಸಬಹುದು. ಹಾಗಾಗಿ ‘ಲೆಕ್ಕಪತ್ರ’ವನ್ನು ಕತ್ತರಿಸಿದಾಗ ‘ಲೆಕ್’ ಎಂದು ಉಳಿದು, ಒತ್ತು ಕಳೆದುಕೊಂಡ ಅಕ್ಷರದ ಮುಂದೆ ಚುಕ್ಕಿಗಳು ನಿಲ್ಲುತ್ತಿದ್ದವು. 2023ರ ಯೂನಿಕೋಡ್ 15.1ರಲ್ಲಿ ಸಂಯುಕ್ತಾಕ್ಷರವನ್ನು ಒಡೆಯಬಾರದೆಂಬ ಹೊಸ ನಿಯಮ ಬಂತು. ನಾನು ಆಸೆಯಿಂದ ಪಟ್ಟಿ ನೋಡಿದೆ. ಬಂಗಾಳಿ, ದೇವನಾಗರಿ, ಗುಜರಾತಿ, ಮಲಯಾಳಂ, ಒಡಿಯಾ, ತೆಲುಗು. ಆರು ಲಿಪಿಗಳು. ಕನ್ನಡ ಇರಲಿಲ್ಲ.

ಬೇಸರವಾಯಿತು, ನಿಜ. ಪಠ್ಯವನ್ನು ತುಂಡರಿಸುವ ಲೈಬ್ರರಿಗೇ ಕನ್ನಡದ ನಿಯಮ ಸೇರಿಸಿ ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳುಹಿಸಿದೆ. ಮೇಂಟೇನರ್ ಎರಡು ವಾರ ಯೋಚಿಸಿ ಬೇಡವೆಂದರು. ನೂರಾರು ಪ್ರೋಗ್ರಾಂಗಳು ಆ ಲೈಬ್ರರಿ ಯೂನಿಕೋಡ್ ಹೇಳಿದ್ದನ್ನೇ ಮಾಡುತ್ತದೆಂದು ನಂಬಿವೆ. ಒಂದು ಲಿಪಿಗಾಗಿ ಅದನ್ನು ಮೀರಿದರೆ ಮುಂದೆ ಬೇರೆ ಬೇರೆ ಲೈಬ್ರರಿಗಳ ನಡುವೆ ಮತ್ತೆ ಅದೇ ‘ಮೂರೋ ನಾಲ್ಕೋ’ ಜಗಳ. ಅವರ ಮಾತು ಸರಿ ಎಂದು ಒಪ್ಪಿಕೊಳ್ಳಲು ನನಗೊಂದು ಸಂಜೆ ಹಿಡಿಯಿತು. ನಾನು ಗೆರೆಯ ವಿಷಯದಲ್ಲಿ ಯಾವುದನ್ನು ಕಾಯಿಲೆ ಎಂದಿದ್ದೆನೋ, ಅದನ್ನೇ ಇಲ್ಲಿ ಹೊಸದಾಗಿ ಹಚ್ಚಲು ಹೊರಟಿದ್ದೆ. ಲೈಬ್ರರಿಯನ್ನು ಬಿಟ್ಟು, ಫೈಲ್ ಮ್ಯಾನೇಜರ್‌ನ ಒಳಗೆ ಹೆಸರು ಕತ್ತರಿಸುವ ಕಡೆ ಮಾತ್ರ ‘ಹಿಂದಿನದು ವಿರಾಮವಾಗಿದ್ದರೆ ಇನ್ನೊಂದು ಹೆಜ್ಜೆ ಹಿಂದೆ ಹೋಗು’ ಎಂದು ಬರೆದೆ. ಅಲ್ಲಿ ಅದು ಸೇರಿತು. ಈಗ ‘ಲೆಕ್ಕಪತ್ರ’ ಕತ್ತರಿಸಲ್ಪಟ್ಟರೂ ಒಂದು ಇಡೀ ಅಕ್ಷರದ ಮೇಲೆಯೇ ನಿಲ್ಲುತ್ತದೆ.

ನಾನು ಬರೆದ ಕೋಡ್‌ಗಿಂತ, ಆ ಕೋಡ್ ಸರಿಯಿದೆಯೇ ಎಂದು ತಾವೇ ಪರೀಕ್ಷಿಸುವ ಟೆಸ್ಟ್‌ಗಳು ಹೆಚ್ಚು. ಅದು ಹಾಗೆಯೇ ಇರಬೇಕೆಂದು ನನ್ನ ನಂಬಿಕೆ. ರಾಟಟುಯಿಯಲ್ಲಿ ನಿಜವಾದ ಪರದೆಯೇ ಇಲ್ಲದೆ, ಕಂಪ್ಯೂಟರ್‌ನ ಮೆಮೊರಿಯಲ್ಲಿ ಒಂದು ಮನೆಗಳ ಹಾಸು ಹಾಕಿ, ಯಾವ ಮನೆಯಲ್ಲಿ ಏನು ಬಂತೆಂದು ಹೋಲಿಸುವ ವ್ಯವಸ್ಥೆ ಇದೆ. ಅದನ್ನು ಬಳಸುವ ಯಾವ ಯೋಜನೆಗೆ ಹೋದರೂ ‘ಕಾಗದ’, ‘ಲೆಕ್ಕ’, ‘ಗುರುತು’, ‘ಸ್ತ್ರೀ’ ಈ ನಾಲ್ಕು ಪದಗಳ ಟೆಸ್ಟ್ ಸೇರಿಸಿ ಬರುತ್ತೇನೆ. ಕನ್ನಡ ತಿಳಿಯದ ಯಾರೋ ಮುಂದೊಂದು ದಿನ ಆ ಕೋಡ್ ಬದಲಿಸಿದಾಗ, ಆ ಪದಗಳಲ್ಲಿ ಒಂದು ಕೆಂಪಾಗಿ ಎದ್ದು ನಿಂತು ತಡೆಯುತ್ತದೆ.

ಕಳೆದ ವಾರ ಖ್ಮೇರ್ ಭಾಷೆ ಬರೆಯುವವರೊಬ್ಬರು ನನ್ನ ಅಳತೆಯ ಪ್ರೋಗ್ರಾಂಗೆ ಹನ್ನೆರಡು ಪದ ಕಳುಹಿಸಿದ್ದಾರೆ. ಅವರ ಲಿಪಿಯಲ್ಲೂ ಕೆಳಗೆ ಇಳಿಯುವ ಒತ್ತುಗಳಿವೆ, ಗೆರೆ ಅವರಿಗೂ ಸೊಟ್ಟ ಕಾಣುತ್ತಿದೆ. ಒಂದೊಂದು ಪದದ ಮುಂದೆಯೂ ಕಣ್ಣಿಗೆ ಅದು ಎಷ್ಟು ಅಕ್ಷರ ಎಂದು ಬರೆದುಕೊಟ್ಟಿದ್ದಾರೆ, ನನಗೆ ಓದಲು ಬರುವುದಿಲ್ಲವಲ್ಲ ಎಂದು. ಆರು ಪದಗಳನ್ನು ಮೂರು ಟರ್ಮಿನಲ್‌ಗಳಲ್ಲಿ ಅಳೆದಾಯಿತು. ಉಳಿದ ಆರನ್ನು ಇಂದು ರಾತ್ರಿ ಅಳೆಯುತ್ತೇನೆ.